ಯಂತ್ರ ಕಡತವಾದ ಮೇಲೆ

2017ರ ಜನವರಿ 31. ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರಿಗೆ ಆಗ ತಡರಾತ್ರಿ. ಕೆಲಸ ಮುಗಿಸಿ ಏಳಬೇಕಿದ್ದವರು ಒಂದು ರಿಪೇರಿ ಮುಗಿಸಿಯೇ ಹೋಗೋಣ ಎಂದು ಕೂತರು. ಜಗತ್ತಿನ ನಾನಾ ಕಡೆಯ ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟು, ತಿದ್ದಿ, ಚರ್ಚೆ ಮಾಡುವ ತಾಣ ಅದು. ಅವರ ಖಾತೆ, ಟಿಪ್ಪಣಿ, ವಾದವಿವಾದಗಳೆಲ್ಲ ಒಂದು ಡೇಟಾಬೇಸಿನಲ್ಲಿದ್ದವು. ಅದಕ್ಕೆ ಎರಡು ಸರ್ವರ್: ಒಂದು ಮುಖ್ಯದ್ದು, ಇನ್ನೊಂದು ಮುಖ್ಯದ್ದನ್ನು ನೋಡಿ ನೋಡಿ ಬರೆದುಕೊಳ್ಳುವ ಜೊತೆಯದು. ಅಂದು ಜೊತೆಯದು ಹಿಂದೆ ಬಿದ್ದಿತ್ತು. ಅದರ ಡೇಟಾ ಫೋಲ್ಡರನ್ನು ಖಾಲಿ ಮಾಡಿ ಮೊದಲಿನಿಂದ ತುಂಬಿಸೋಣ ಎಂದು ಅವರು ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಎದೆ ಧಸಕ್ಕೆಂದಿತು. ತೆರೆದಿದ್ದದ್ದು ಜೊತೆಯ ಸರ್ವರ್ ಅಲ್ಲ, ಮುಖ್ಯ ಸರ್ವರ್. ಕಮಾಂಡನ್ನು ಅರ್ಧಕ್ಕೇ ತಡೆದರು. ಸುಮಾರು 300 ಗಿಗಾಬೈಟ್ ಇದ್ದ ಜಾಗದಲ್ಲಿ ಉಳಿದಿದ್ದದ್ದು 4.5 ಗಿಗಾಬೈಟ್.

ಇಲ್ಲಿಯವರೆಗಿನದು ಯಾವ ಕಚೇರಿಯಲ್ಲಿ ಬೇಕಾದರೂ ನಡೆಯಬಹುದಾದ ಕೈತಪ್ಪು. ನಿಜವಾದ ಕಥೆ ಶುರುವಾದದ್ದು ಆಮೇಲೆ, ಬ್ಯಾಕಪ್ ಹುಡುಕಲು ಹೋದಾಗ. ಲೆಕ್ಕಕ್ಕೆ ಐದು ಬಗೆಯ ವ್ಯವಸ್ಥೆ ಇತ್ತು. ದಿನಕ್ಕೊಮ್ಮೆ ಡೇಟಾಬೇಸನ್ನು ಪೂರ್ತಿ ಇಳಿಸಿ ಅಮೆಜಾನಿನ ಸಂಗ್ರಹಕ್ಕೆ ಕಳಿಸುವ ಏರ್ಪಾಡು ಒಂದು. ಆ ಸಂಗ್ರಹವನ್ನು ತೆರೆದರೆ ಖಾಲಿ. ಇಳಿಸುವ ಪ್ರೋಗ್ರಾಮ್ ಪೋಸ್ಟ್‌ಗ್ರೆಸ್‌ನ 9.2 ಆವೃತ್ತಿಯದು, ಡೇಟಾಬೇಸ್ 9.6ರದು, ಎರಡಕ್ಕೂ ಹೊಂದದೆ ಪ್ರತಿದಿನವೂ ಕೆಲಸ ಕೆಡುತ್ತಿತ್ತು. ಕೆಟ್ಟಾಗ ಎಚ್ಚರಿಸುವ ಇಮೇಲ್ ಹೊರಡುತ್ತಿತ್ತು ಕೂಡ. ಆದರೆ ಆ ಇಮೇಲಿಗೆ ಸರಿಯಾದ ಸಹಿ ಇಲ್ಲವೆಂದು ಎದುರಿನ ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಮೈಕ್ರೋಸಾಫ್ಟಿನ ಅಜೂರ್ ಮೋಡದಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಮಷಿನ್‌ಗಳಿಗೆ ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯವಿತ್ತು. ಅದನ್ನು ಫೈಲ್ ಸರ್ವರುಗಳಿಗೆ ಹಾಕಿದ್ದರು, ಡೇಟಾಬೇಸ್ ಸರ್ವರುಗಳಿಗೆ ಹಾಕಿರಲಿಲ್ಲ. ಜೊತೆಯ ಸರ್ವರಿನ ಡೇಟಾ ಆಗಲೇ ಖಾಲಿಯಾಗಿತ್ತು.

ಕಾಪಾಡಿದ್ದು ಆಕಸ್ಮಿಕ. ಆರು ತಾಸು ಮೊದಲು, ಬೇರೆ ಯಾವುದೋ ಪರೀಕ್ಷೆಗೆಂದು, ಎಂಜಿನಿಯರ್ ಒಬ್ಬರು ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರು. ಅದು ಇದ್ದದ್ದು ಪರೀಕ್ಷೆಯ ಸರ್ವರಿನಲ್ಲಿ, ಅಗ್ಗದ ನಿಧಾನ ಡಿಸ್ಕುಗಳ ಮೇಲೆ. ಅಲ್ಲಿಂದ ಇಲ್ಲಿಗೆ ಡೇಟಾ ತೆವಳಿಕೊಂಡು ಬರಲು ದಿನದ ಮುಕ್ಕಾಲು ಭಾಗ ಹಿಡಿಯಿತು. ಸಂಸ್ಥೆ ಇದನ್ನೆಲ್ಲ ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು, ಆಮೇಲೆ ತಪ್ಪುಗಳ ಪಟ್ಟಿಯನ್ನು ಇಡಿಯಾಗಿ ಪ್ರಕಟಿಸಿತು. ಸುಮಾರು 5,000 ಪ್ರಾಜೆಕ್ಟುಗಳ ಮಾಹಿತಿ, ಅಷ್ಟೇ ಟಿಪ್ಪಣಿಗಳು, 700ರಷ್ಟು ಹೊಸ ಖಾತೆಗಳು ಮರಳಿ ಬರಲಿಲ್ಲ.

ಆ ಪಟ್ಟಿಯನ್ನು ಇಂದು ಓದುವವರಿಗೆ ವಿಚಿತ್ರವೆನಿಸುವುದು ಒಂದೇ. ಅದರಲ್ಲಿ ಕೆಟ್ಟ ವಿಧಾನ ಯಾವುದೂ ಇಲ್ಲ. ಪ್ರತಿಯೊಂದನ್ನೂ ಯಾರೋ ತಿಳಿದವರೇ ಆರಿಸಿದ್ದರು. ನಕಲು ತೆಗೆಯುವ ಕಡೆಯಿಂದ ನೋಡಿದರೆ ಎಲ್ಲವೂ ಸರಿ. ಮರಳಿ ತರುವ ಕಡೆಯಿಂದ ಮಾತ್ರ ಯಾರೂ ನೋಡಿರಲಿಲ್ಲ. ವರ್ಚುವಲ್ ಮಷಿನ್‌ಗಳ ಬ್ಯಾಕಪ್ಪಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡು ಕಡೆಗಳ ನಡುವಿನ ಜಗಳ, ಮತ್ತು ಆ ಜಗಳಕ್ಕೆ ಕಾರಣ ಒಂದು ಬಹಳ ದೊಡ್ಡ ಅನುಕೂಲ.

*

ವರ್ಚುವಲ್ ಮಷಿನ್ ಎಂಬ ಕಲ್ಪನೆ ಹುಟ್ಟಿದ್ದು ಹಣ ಉಳಿಸುವ ಅಗತ್ಯದಿಂದ. 1960ರ ದಶಕದಲ್ಲಿ ಒಂದು ಕಂಪ್ಯೂಟರ್ ಎಂದರೆ ಒಂದು ಕೋಣೆ, ಅದರ ಮುಂದೆ ಸರದಿ ಸಾಲು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದರು. 1967ರ ಹೊತ್ತಿಗೆ ಅದು ಬಳಕೆಗೆ ಬಂತು. ಒಂದೇ ಯಂತ್ರದ ಮುಂದೆ ಏಕಕಾಲಕ್ಕೆ 14 ಜನ ಕೂತು, ಪ್ರತಿಯೊಬ್ಬರೂ ಇಡೀ ಯಂತ್ರ ತಮ್ಮದೇ ಎಂದು ನಂಬಿ ಕೆಲಸ ಮಾಡಬಹುದಿತ್ತು. 1972ರಲ್ಲಿ ಐಬಿಎಂ ಇದರ ಮುಂದುವರಿಕೆಯಾದ ವಿಎಂ/370 ಅನ್ನು ಎಲ್ಲ ಗ್ರಾಹಕರಿಗೂ ಪ್ರಕಟಿಸಿತು. ಎರಡು ವರ್ಷದ ಬಳಿಕ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್, ಯಾವ ಬಗೆಯ ಯಂತ್ರವನ್ನು ಹೀಗೆ ಹಲವಾಗಿ ಒಡೆದು ತೋರಿಸಬಹುದು ಎಂಬುದಕ್ಕೆ ಗಣಿತದ ಶರತ್ತುಗಳನ್ನೂ ಬರೆದಿಟ್ಟರು.

ಆಮೇಲೆ ಕಂಪ್ಯೂಟರ್ ಅಗ್ಗವಾಯಿತು, ಕಲ್ಪನೆ ಮೂಲೆ ಸೇರಿತು. ಮೇಜಿಗೊಂದು ಯಂತ್ರ ಇಡಲು ಸಾಧ್ಯವಾದ ಮೇಲೆ ಒಂದನ್ನು ಹದಿನಾಲ್ಕಾಗಿ ತೋರಿಸುವ ಗೋಜು ಯಾರಿಗೆ ಬೇಕು? ಆದರೆ 1990ರ ದಶಕ ಮುಗಿಯುವ ಹೊತ್ತಿಗೆ ಅಗ್ಗವೇ ತೊಂದರೆಯಾಯಿತು. ಇಮೇಲಿಗೊಂದು ಸರ್ವರ್, ಲೆಕ್ಕಪತ್ರಕ್ಕೊಂದು, ಹಾಜರಿಗೊಂದು. ಪ್ರತಿಯೊಂದೂ ಹೊತ್ತಿನ ಬಹುಪಾಲು ಸುಮ್ಮನೆ ಕೂತಿರುತ್ತಿತ್ತು, ಕರೆಂಟು ಮಾತ್ರ ತಿನ್ನುತ್ತಿತ್ತು. 1997ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಂಡೆಲ್ ರೋಸೆನ್‌ಬ್ಲಮ್, ಎಡ್ವರ್ಡ್ ಬುನ್ಯೋ, ಸ್ಕಾಟ್ ಡಿವೈನ್ ಮೂವರೂ ಹಳೆಯ ಕಲ್ಪನೆಯನ್ನು ಮತ್ತೆ ಕೈಗೆತ್ತಿಕೊಂಡು ಪ್ರಬಂಧ ಬರೆದರು. 1998ರಲ್ಲಿ ಡಯೇನ್ ಗ್ರೀನ್ ಮತ್ತು ಎಡ್ವರ್ಡ್ ವಾಂಗ್ ಜೊತೆಗೂಡಿ ಐವರೂ ವಿಎಂವೇರ್ ಕಂಪನಿ ಶುರುಮಾಡಿದರು. ಇಂಟೆಲ್ ಮಾದರಿಯ ಪ್ರೊಸೆಸರುಗಳು ಪೋಪೆಕ್-ಗೋಲ್ಡ್‌ಬರ್ಗ್ ಶರತ್ತುಗಳಿಗೆ ಒಪ್ಪುತ್ತಿರಲಿಲ್ಲ. ಒಪ್ಪದ ಸೂಚನೆಗಳನ್ನು ಓಡುತ್ತಿರುವಾಗಲೇ ಅನುವಾದಿಸಿ ಸಾಗಹಾಕುವ ಉಪಾಯ ಕಂಡುಕೊಂಡರು. 1999ರಲ್ಲಿ ಮೇಜಿನ ಕಂಪ್ಯೂಟರಿಗೆ, 2001ರಲ್ಲಿ ಸರ್ವರ್ ಕೋಣೆಗೆ ಅವರ ಸರಕು ಬಂತು.

ಈ ಕಥೆಯಲ್ಲಿ ಮುಖ್ಯವಾದದ್ದು ಅದರ ಒಂದು ಚಿಕ್ಕ ವಿವರ. ವರ್ಚುವಲ್ ಮಷಿನ್‌ಗೆ ಡಿಸ್ಕ್ ಬೇಕಲ್ಲ, ಆ ಡಿಸ್ಕ್ ನಿಜಕ್ಕೂ ಏನು? ಒಂದು ದೊಡ್ಡ ಫೈಲ್. ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂಬ ವಿವರ? ಇನ್ನೊಂದು ಚಿಕ್ಕ ಫೈಲ್. ಕಬ್ಬಿಣ, ತಂತಿ, ಫ್ಯಾನು ಎಲ್ಲ ಸೇರಿ ಒಂದು ಯಂತ್ರವಾಗಿದ್ದದ್ದು ಈಗ ಒಂದು ಫೋಲ್ಡರಿನಲ್ಲಿ ಹಿಡಿಯುವ ಕಡತ. (ಕಡತ ಎಂಬ ಮಾತು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ. ಬಳಪದಲ್ಲಿ ಬರೆದು ಮಡಿಸಿಡುವ ಲೆಕ್ಕದ ಪುಸ್ತಕ. ವರ್ಷಗಟ್ಟಲೆ ಬಾಳುತ್ತಿತ್ತು, ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು.) ಕಡತವಾದ ಯಂತ್ರವನ್ನು ನಕಲು ಮಾಡಬಹುದು, ಇನ್ನೊಂದು ಊರಿಗೆ ಕಳಿಸಬಹುದು. 2003ರಲ್ಲಿ ವಿಎಂವೇರ್, ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ದಾಟಿಸಿ ತೋರಿಸಿತು. ಒರೆಸಲೂಬಹುದು ಎಂಬ ಕಡೆಗೆ ಯಾರ ಗಮನವೂ ಹೋಗಲಿಲ್ಲ.

*

ಅದಕ್ಕೂ ಮೊದಲು ಒಂದು ಸರ್ವರ್ ಸತ್ತರೆ ಅದನ್ನು ಬದುಕಿಸುವುದು ಹೇಗಿತ್ತು ಎಂದು ನೆನೆದರೆ ಈ ಅನುಕೂಲದ ಗಾತ್ರ ತಿಳಿಯುತ್ತದೆ. ಪ್ರತಿ ಸರ್ವರಿನ ಒಳಗೂ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮ್ ಕೂತಿರುತ್ತಿತ್ತು. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಅದು ಎದ್ದು ಫೈಲುಗಳನ್ನು ಟೇಪಿಗೆ ಬರೆಯುತ್ತಿತ್ತು. ಯಂತ್ರ ಸುಟ್ಟುಹೋದರೆ ಅದೇ ಬಗೆಯ ಇನ್ನೊಂದು ಯಂತ್ರ ಹುಡುಕಬೇಕು, ವಿಂಡೋಸ್ ಹಾಕಬೇಕು, ಏಜೆಂಟ್ ಹಾಕಬೇಕು, ಟೇಪ್ ಹುಡುಕಿ ಓದಿಸಬೇಕು. ಹೊಸ ಯಂತ್ರದ ಡಿಸ್ಕ್ ಕಂಟ್ರೋಲರ್ ಬೇರೆಯದಾಗಿದ್ದರೆ ಡ್ರೈವರ್ ಸಿಗದೆ ಅಷ್ಟೂ ಶ್ರಮ ನೀಲಿ ತೆರೆಯಲ್ಲಿ ಕೊನೆಗೊಳ್ಳುತ್ತಿತ್ತು. ವರ್ಚುವಲ್ ಮಷಿನ್ ಬಂದಾಗ ಈ ಡ್ರೈವರ್ ಪೀಡೆ ತೊಲಗಿತು. ಕೆಳಗಿನ ಕಬ್ಬಿಣ ಯಾವುದಾದರೂ ಇರಲಿ, ಒಳಗಿನ ವಿಂಡೋಸ್‌ಗೆ ಕಾಣುವುದು ಸದಾ ಅದೇ ಕಾಲ್ಪನಿಕ ಕಂಟ್ರೋಲರ್.

ಆದರೂ ಜನ ಮೊದಲಿಗೆ ಮಾಡಿದ್ದು ಹಳೆಯ ರೂಢಿಯನ್ನೇ. ಇಪ್ಪತ್ತು ಸರ್ವರುಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಿದರು. ಇಪ್ಪತ್ತು ಏಜೆಂಟುಗಳೂ ಜೊತೆಗೇ ಬಂದವು. ನಡುರಾತ್ರಿ ಹನ್ನೆರಡಕ್ಕೆ ಎಲ್ಲವೂ ಒಟ್ಟಿಗೆ ಎದ್ದು ಒಂದೇ ಡಿಸ್ಕಿಗೆ ಮುಗಿಬಿದ್ದವು. ಬೇರೆಬೇರೆ ಯಂತ್ರಗಳಾಗಿದ್ದಾಗ ರಾತ್ರಿಯ ಬಿಡುವು ಪ್ರತಿಯೊಂದಕ್ಕೂ ಇತ್ತು. ಹಂಚಿಕೊಂಡ ಯಂತ್ರದಲ್ಲಿ ಆ ಬಿಡುವೇ ಉಳಿದಿರಲಿಲ್ಲ. ಬೆಳಿಗ್ಗೆ ಜನ ಕೆಲಸಕ್ಕೆ ಬರುವ ಹೊತ್ತಿಗೂ ಬ್ಯಾಕಪ್ ಮುಗಿಯುತ್ತಿರಲಿಲ್ಲ.

2006ರಲ್ಲಿ ವಿಎಂವೇರ್ ಕನ್ಸಾಲಿಡೇಟೆಡ್ ಬ್ಯಾಕಪ್ ಎಂಬ ಹಾದಿ ತೆರೆಯಿತು. ಒಳಗೆ ಏಜೆಂಟ್ ಬೇಡ. ಹೊರಗೆ ಒಂದು ಪ್ರತ್ಯೇಕ ಸರ್ವರ್ ನಿಂತು, ಯಂತ್ರದ ಕಡತವನ್ನೇ ಇಡಿಯಾಗಿ ಓದಿಕೊಳ್ಳಲಿ. ಬರೆಯುತ್ತಲೇ ಇರುವ ಕಡತವನ್ನು ಓದುವುದು ಹೇಗೆ? ಅದಕ್ಕೆ ಸ್ನ್ಯಾಪ್‌ಶಾಟ್. ಹೆಸರು ಫೋಟೋದಂತಿದ್ದರೂ ಅದು ಫೋಟೋ ಅಲ್ಲ, ಅಂಗಡಿಯ ಲೆಕ್ಕದ ಪುಸ್ತಕ ಬದಲಿಸಿದಂತೆ. ಆಡಿಟರ್ ಬಂದು ಪುಸ್ತಕ ಕೇಳಿದಾಗ ಗುಮಾಸ್ತ ಅದನ್ನು ಮುಚ್ಚಿ ಕೊಡುತ್ತಾನೆ, ಅಲ್ಲಿಂದ ಮುಂದಿನ ವ್ಯಾಪಾರವನ್ನು ಬಿಡಿಹಾಳೆಯಲ್ಲಿ ಬರೆಯುತ್ತಾನೆ. ಆಡಿಟರ್ ಪುಸ್ತಕ ಮರಳಿಸಿದ ಮೇಲೆ ಹಾಳೆಯಲ್ಲಿದ್ದದ್ದನ್ನು ಪುಸ್ತಕಕ್ಕೆ ಏರಿಸುತ್ತಾನೆ. ಇಲ್ಲಿ ಬಿಡಿಹಾಳೆ ಎಂಬುದು ಡೆಲ್ಟಾ ಫೈಲ್.

ಈ ಒಂದು ಮಾತಿನಿಂದ ಆದಷ್ಟು ಗೊಂದಲ ಬೇರೆ ಯಾವುದರಿಂದಲೂ ಆಗಿಲ್ಲ. ಸ್ನ್ಯಾಪ್‌ಶಾಟ್ ತೆಗೆಯಲು ಒಂದು ಕ್ಲಿಕ್ ಸಾಕು, ಹಿಂದಕ್ಕೆ ಹೋಗಲು ಇನ್ನೊಂದು. ಸಾಫ್ಟ್‌ವೇರ್ ಅಪ್‌ಡೇಟ್ ಹಾಕುವ ಮುನ್ನ ಒಂದು ತೆಗೆದಿಟ್ಟುಕೊಂಡರೆ ನೆಮ್ಮದಿ. ಹಾಗಾಗಿ ಸಾವಿರಾರು ಕಚೇರಿಗಳು ಅದನ್ನೇ ಬ್ಯಾಕಪ್ ಎಂದು ತಿಳಿದವು. ಆದರೆ ಬಿಡಿಹಾಳೆಗೆ ಪುಸ್ತಕವಿಲ್ಲದೆ ಅರ್ಥವಿಲ್ಲ. ಮೂಲ ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟೂ ಹೋಯಿತು. ಮೇಲಾಗಿ ಮರೆತು ಬಿಟ್ಟ ಹಾಳೆಗಳು ದಿನೇ ದಿನೇ ದಪ್ಪವಾಗಿ ಇಡೀ ಸಂಗ್ರಹವನ್ನು ತುಂಬಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಿಬಿಡುತ್ತವೆ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, 72 ತಾಸಿಗಿಂತ ಹೆಚ್ಚು ಇಡಬೇಡಿ ಎಂದು ವಿಎಂವೇರ್ ತಾನೇ ಬರೆದು ಹೇಳಬೇಕಾಯಿತು.

ಇನ್ನೊಂದು ಸಮಸ್ಯೆ ಒಳಗಿತ್ತು. ಹೊರಗೆ ನಿಂತು ಕಡತ ಓದುವವನಿಗೆ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲ. ಬ್ಯಾಂಕಿನ ಒಂದು ಖಾತೆಯಿಂದ ಹಣ ಕಳೆದಾಗಿದೆ, ಇನ್ನೊಂದಕ್ಕೆ ಕೂಡಿಸುವ ಮೊದಲೇ ಸ್ನ್ಯಾಪ್‌ಶಾಟ್ ಬಿತ್ತು ಎಂದುಕೊಳ್ಳಿ. ಮರಳಿ ತಂದ ಯಂತ್ರ ಪ್ಲಗ್ ಕಿತ್ತು ಬಿದ್ದ ಯಂತ್ರದ ಸ್ಥಿತಿಯಲ್ಲಿ ಏಳುತ್ತದೆ. ಒಳ್ಳೆಯ ಡೇಟಾಬೇಸ್ ಚೇತರಿಸಿಕೊಳ್ಳುತ್ತದೆ, ಎಲ್ಲವೂ ಅಲ್ಲ. ವಿಂಡೋಸ್ ಸರ್ವರ್ 2003ರ ಕಾಲಕ್ಕೆ ಮೈಕ್ರೋಸಾಫ್ಟ್ ತಂದಿದ್ದ ವಾಲ್ಯೂಮ್ ಶ್ಯಾಡೋ ಕಾಪಿ ಸೇವೆ ಇಲ್ಲಿ ನೆರವಿಗೆ ಬಂತು: ನಕಲು ತೆಗೆಯುವ ಮುನ್ನ ಒಳಗಿನ ಡೇಟಾಬೇಸಿಗೆ ‘ಕೈಯಲ್ಲಿರುವುದನ್ನು ಮುಗಿಸಿ ಒಂದು ಕ್ಷಣ ನಿಲ್ಲು’ ಎಂದು ಹೇಳುವ ಏರ್ಪಾಡು. ಏಜೆಂಟನ್ನು ಬಾಗಿಲಿನಿಂದ ಹೊರಹಾಕಿದವರು ಅದರ ಅರ್ಧ ಕೆಲಸವನ್ನು ಕಿಟಕಿಯಿಂದ ಒಳಗೆ ಕರೆದುಕೊಂಡಂತಾಯಿತು.

2009ರಲ್ಲಿ ವಿಸ್ಫಿಯರ್ 4 ಜೊತೆಗೆ ಬಂದದ್ದು ಬದಲಾದ ಬ್ಲಾಕುಗಳ ಲೆಕ್ಕ. ನಿನ್ನೆಯಿಂದ ಇಂದಿಗೆ ಡಿಸ್ಕಿನ ಯಾವ ಯಾವ ತುಣುಕು ಬದಲಾಯಿತು ಎಂಬ ಪಟ್ಟಿಯನ್ನು ವಿಎಂವೇರೇ ಇಟ್ಟು, ಕೇಳಿದವರಿಗೆ ಕೊಡುತ್ತದೆ. 500 ಗಿಗಾಬೈಟಿನ ಯಂತ್ರದಲ್ಲಿ 5 ಗಿಗಾಬೈಟ್ ಬದಲಾಗಿದ್ದರೆ ನಕಲಿಸಬೇಕಾದದ್ದು ಅಷ್ಟೇ. ಇಂದು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಬ್ಯಾಕಪ್ ಸಾಫ್ಟ್‌ವೇರುಗಳು ನಿಂತಿರುವುದು ಈ ಬಗೆಯ ಪಟ್ಟಿಯ ಮೇಲೆ. ಒಮ್ಮೆ ಪೂರ್ತಿ ನಕಲು, ಆಮೇಲೆ ದಿನದಿನದ ಬದಲಾವಣೆ ಮಾತ್ರ. ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು.

ಪಟ್ಟಿ ಸುಳ್ಳು ಹೇಳಿದರೆ? 2014ರಲ್ಲಿ ಅದೂ ಆಯಿತು. ಡಿಸ್ಕನ್ನು ಹಿಗ್ಗಿಸಿ 128 ಗಿಗಾಬೈಟಿನ ಗಡಿ ದಾಟಿಸಿದಾಗ ಪಟ್ಟಿ ತಪ್ಪು ತುಣುಕುಗಳನ್ನು ತೋರಿಸಬಹುದು ಎಂದು ವಿಎಂವೇರ್ ಒಪ್ಪಿಕೊಂಡಿತು. ಬ್ಯಾಕಪ್ ಪ್ರತಿರಾತ್ರಿ ‘ಯಶಸ್ವಿ’ ಎಂದು ಹಸಿರು ಗುರುತು ತೋರಿಸುತ್ತಲೇ ಇರುತ್ತಿತ್ತು. ಒಳಗೆ ಬೇಕಾದ ತುಣುಕು ಇರುತ್ತಿರಲಿಲ್ಲ. ಗಿಟ್‌ಲ್ಯಾಬಿನ ಖಾಲಿ ಸಂಗ್ರಹಕ್ಕಿಂತ ಇದು ಕೆಟ್ಟದ್ದು. ಖಾಲಿ ಡಬ್ಬಿಯನ್ನು ಎತ್ತಿದರೆ ತೂಕದಲ್ಲೇ ಗೊತ್ತಾಗುತ್ತದೆ, ಇದು ಕಲ್ಲು ತುಂಬಿದ ಡಬ್ಬಿ. ತೆರೆದು ಅಡುಗೆಗೆ ಇಟ್ಟಾಗಲೇ ಗೊತ್ತಾಗಬೇಕು.

ತೆರೆದು ನೋಡುವ ಉಪಾಯ ಬಂದದ್ದು 2010ರಲ್ಲಿ, ಸ್ವಲ್ಪ ಅಡ್ಡದಾರಿಯಿಂದ. 2006ರಲ್ಲಿ ರತ್ಮೀರ್ ತಿಮಾಶೇವ್ ಮತ್ತು ಆಂದ್ರೇ ಬರೋನೊವ್ ಕಟ್ಟಿದ ವೀಮ್ ಎಂಬ ಕಂಪನಿ ವರ್ಚುವಲ್ ಮಷಿನ್‌ಗಳ ಬ್ಯಾಕಪ್ ಒಂದನ್ನೇ ಹಿಡಿದು ಬೆಳೆದಿತ್ತು. ಬ್ಯಾಕಪ್ ಫೈಲನ್ನು ಮೊದಲು ನಕಲಿಸಿಕೊಳ್ಳದೆ, ಇದ್ದಲ್ಲಿಂದಲೇ ನೇರವಾಗಿ ಯಂತ್ರವನ್ನು ಓಡಿಸಬಹುದು ಎಂದು ಅದು ತೋರಿಸಿತು. ಒಂದೆರಡು ನಿಮಿಷದಲ್ಲಿ ಸತ್ತ ಸರ್ವರ್ ಎದ್ದು ನಿಲ್ಲುತ್ತದೆ, ಡೇಟಾ ಸಾಗಣೆ ಹಿಂದಿನಿಂದ ನಿಧಾನವಾಗಿ ನಡೆಯುತ್ತದೆ. ಜಾಹೀರಾತುಗಳು ಈ ವೇಗವನ್ನೇ ಹಾಡಿ ಹೊಗಳಿದವು. ಆದರೆ ಅದೇ ಉಪಾಯದ ಇನ್ನೊಂದು ಬಳಕೆ ಹೆಚ್ಚು ಬೆಲೆಯದು: ಪ್ರತಿರಾತ್ರಿ ಬ್ಯಾಕಪ್ ಆದ ಮೇಲೆ, ಹೊರಗಿನ ಜಾಲಕ್ಕೆ ಸಂಪರ್ಕವಿಲ್ಲದ ಒಂದು ಮುಚ್ಚಿದ ಕೋಣೆಯಲ್ಲಿ ಆ ಯಂತ್ರವನ್ನು ತಾನೇ ಎಬ್ಬಿಸಿ, ಡೇಟಾಬೇಸ್ ಮಾತಾಡುತ್ತದೆಯೇ ಎಂದು ಕೇಳಿ, ವರದಿ ಬರೆದು ಮಲಗಿಸುವುದು. ಯಂತ್ರ ಕಡತವಾದುದರಿಂದ ಮಾತ್ರ ಸಾಧ್ಯವಾದ ಪರೀಕ್ಷೆ ಇದು. ಈ ಚರಿತ್ರೆಯಲ್ಲಿ ಮರಳಿ ತರುವ ಕಡೆಯವರು ಗೆದ್ದ ಮೊದಲ ಸುತ್ತು ಇದೆನ್ನಬೇಕು. ಸೌಲಭ್ಯ ಕೊಂಡವರೆಲ್ಲರೂ ಅದನ್ನು ಬಳಸಿದರು ಎಂದಲ್ಲ.

*

ಇಷ್ಟು ಹೊತ್ತೂ ಮಾತು ನಡೆದದ್ದು ಹೇಗೆ ನಕಲಿಸುವುದು ಎಂಬುದರ ಸುತ್ತ. ನಕಲು ಎಲ್ಲಿರಬೇಕು ಎಂಬ ಸೂತ್ರ ಬಂದದ್ದು ಕಂಪ್ಯೂಟರ್ ವಿಜ್ಞಾನಿಗಳಿಂದಲ್ಲ, ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕನಿಂದ. ಡಿಜಿಟಲ್ ಫೋಟೋಗಳನ್ನು ಜೋಪಾನ ಮಾಡುವುದರ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಹೇಳಿದ 3-2-1 ಲೆಕ್ಕ ಈಗ ಎಲ್ಲರ ಬಾಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಕಳೆದುಹೋದರೆ ಮತ್ತೆ ತೆಗೆಯಲಾಗದ ಚಿತ್ರಗಳೊಂದಿಗೆ ಬದುಕುವವನಿಗೆ ಹೊಳೆದದ್ದು ಸರ್ವರ್ ಕೋಣೆಯವರಿಗೆ ಹೊಳೆಯದಿದ್ದುದು ಸಹಜ.

2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಎಸ್‌ಬಿಜಿ2 ಎಂಬ ಆ ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಕಟ್ಟಡದ ಕೆಲವು ಕೋಣೆಗಳೂ ಸುಟ್ಟವು. ನಿಮ್ಮ ನಿಮ್ಮ ವಿಪತ್ತಿನ ಯೋಜನೆಯನ್ನು ಜಾರಿಗೊಳಿಸಿ ಎಂದು ಕಂಪನಿಯ ಸ್ಥಾಪಕರು ಗ್ರಾಹಕರಿಗೆ ಟ್ವಿಟರಿನಲ್ಲಿ ಹೇಳಿದರು. ಮೋಡ ಎಂಬ ಮಾತನ್ನು ನಂಬಿ ಕೂತಿದ್ದ ಅನೇಕರಿಗೆ ಅಂಥದ್ದೊಂದು ಯೋಜನೆ ತಮ್ಮ ಬಳಿ ಇರಬೇಕಿತ್ತು ಎಂದು ತಿಳಿದದ್ದೇ ಅಂದು. ಬ್ಯಾಕಪ್ಪಿಗೆ ಪ್ರತ್ಯೇಕ ಹಣ ತೆತ್ತಿದ್ದ ಒಂದು ಫ್ರೆಂಚ್ ಕಂಪನಿಗೆ ಇನ್ನೂ ಕಹಿಯಾದದ್ದು ತಿಳಿಯಿತು. ಅದರ ಬ್ಯಾಕಪ್ಪೂ ಅದೇ ಕೇಂದ್ರದಲ್ಲಿತ್ತು, ಅದೂ ಸುಟ್ಟಿತ್ತು. ಬ್ಯಾಕಪ್ ಮೂಲದಿಂದ ಭೌತಿಕವಾಗಿ ಬೇರೆಯಾಗಿರಬೇಕು ಎಂದು ಒಪ್ಪಂದದಲ್ಲಿತ್ತು. 2023ರಲ್ಲಿ ವಾಣಿಜ್ಯ ನ್ಯಾಯಾಲಯವೊಂದು ಆ ಗ್ರಾಹಕನಿಗೆ ಒಂದು ಲಕ್ಷ ಯೂರೋಗಿಂತ ಹೆಚ್ಚು ಕೊಡುವಂತೆ ಆದೇಶಿಸಿತು.

ಬೆಂಕಿ ಕುರುಡು; ಎದುರಿಗೆ ಸಿಕ್ಕಿದ್ದನ್ನು ಸುಡುತ್ತದೆ. ರ‍್ಯಾನ್ಸಮ್‌ವೇರ್ ಕಳ್ಳರಿಗೆ ಕಣ್ಣಿದೆ. ಯಂತ್ರ ಕಡತವಾದದ್ದು ಅವರಿಗೂ ಅನುಕೂಲವೇ: ಇನ್ನೂರು ಸರ್ವರುಗಳಿಗೆ ಒಂದೊಂದಾಗಿ ನುಗ್ಗಬೇಕಿಲ್ಲ, ಅವುಗಳನ್ನು ಹೊತ್ತ ಒಂದು ಪೆಟ್ಟಿಗೆಗೆ ನುಗ್ಗಿ ಕಡತಗಳಿಗೆ ಬೀಗ ಜಡಿದರೆ ಸಾಕು. 2023ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐ ಆರ್ಗ್ಸ್ ಎಂಬ ದಾಳಿ ಸಾವಿರಾರು ವಿಎಂವೇರ್ ಸರ್ವರುಗಳಲ್ಲಿ ಮಾಡಿದ್ದು ಇದನ್ನೇ, ಅದೂ ಎರಡು ವರ್ಷ ಹಿಂದೆಯೇ ತೇಪೆ ಬಂದಿದ್ದ ತೂತಿನ ಮೂಲಕ. ಮೊದಲ ಅಲೆಯಲ್ಲಿ ಕಳ್ಳರು ಅವಸರ ಮಾಡಿದ್ದರು. ಚಿಕ್ಕ ವಿವರದ ಫೈಲುಗಳಿಗೆ ಪೂರ್ತಿ ಬೀಗ ಬಿದ್ದಿತ್ತು, ಡಿಸ್ಕಿನ ನಿಜವಾದ ಒಡಲಾದ ದೊಡ್ಡ ಫೈಲುಗಳು ಎಷ್ಟೋ ಕಡೆ ಬಹುಪಾಲು ಹಾಗೇ ಉಳಿದಿದ್ದವು. ಒಡಲಿನಿಂದ ವಿವರವನ್ನು ಮತ್ತೆ ಕಟ್ಟುವ ದಾರಿಯನ್ನು ಸಂಶೋಧಕರು ಕಂಡುಕೊಂಡರು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅದನ್ನು ಒಂದು ಸ್ಕ್ರಿಪ್ಟಾಗಿ ಹಂಚಿತು. ಕೆಲವೇ ದಿನಗಳಲ್ಲಿ ಕಳ್ಳರು ತಮ್ಮ ಪ್ರೋಗ್ರಾಮನ್ನು ತಿದ್ದಿಕೊಂಡರು.

ಅದೇ ವರ್ಷದ ಆಗಸ್ಟ್ 18ರ ಬೆಳಗಿನ ಜಾವ ಡೆನ್ಮಾರ್ಕಿನ ಕ್ಲೌಡ್‌ನಾರ್ಡಿಕ್ ಎಂಬ ಹೋಸ್ಟಿಂಗ್ ಕಂಪನಿಗೆ ಆದದ್ದಕ್ಕೆ ಸ್ಕ್ರಿಪ್ಟಿನ ಪರಿಹಾರವಿರಲಿಲ್ಲ. ಒಂದು ಡೇಟಾ ಕೇಂದ್ರದಿಂದ ಇನ್ನೊಂದಕ್ಕೆ ಸರ್ವರುಗಳನ್ನು ಸಾಗಿಸುವಾಗ, ಮೊದಲೇ ಸೋಂಕು ತಗಲಿದ್ದ ಯಂತ್ರಗಳು ಎಲ್ಲ ಸರ್ವರುಗಳನ್ನೂ ನಿರ್ವಹಿಸುವ ಒಳಜಾಲಕ್ಕೆ ಜೋಡಣೆಯಾದವು. ಆ ಜಾಲದಿಂದ ದಾಳಿಕೋರರು ಸಂಗ್ರಹಕ್ಕೂ, ಬ್ಯಾಕಪ್ ವ್ಯವಸ್ಥೆಗೂ, ಎರಡನೆಯ ಬ್ಯಾಕಪ್ ವ್ಯವಸ್ಥೆಗೂ ತಲುಪಿದರು. ಪ್ರತಿಗಳು ಎರಡಿದ್ದವು, ಎರಡಕ್ಕೂ ಕೀಲಿಕೈ ಒಂದೇ ಗೊಂಚಲಿನಲ್ಲಿತ್ತು. ಕಂಪನಿ ಒತ್ತೆಹಣ ಕೊಡಲಿಲ್ಲ. ಬಹುಪಾಲು ಗ್ರಾಹಕರ ಡೇಟಾ ಹೋಯಿತೆಂದು ನೇರವಾಗಿ ಹೇಳಿತು. ನಿಮ್ಮ ಹಳೆಯ ಪುಟಗಳು ವೇಬ್ಯಾಕ್ ಮಷಿನ್‌ನಲ್ಲಿ ಸಿಗಬಹುದು ನೋಡಿ ಎಂದು ಸಲಹೆ ಕೊಡಬೇಕಾದ ಸ್ಥಿತಿ ಅದರದು.

ದೆಹಲಿಯ ಏಮ್ಸ್ ಆಸ್ಪತ್ರೆ ಇದಕ್ಕೂ ಸುಮಾರು ಒಂಬತ್ತು ತಿಂಗಳು ಮೊದಲೇ ಈ ಹಾದಿಯ ಅಂಚಿಗೆ ಹೋಗಿ ಬಂದಿತ್ತು. 2022ರ ನವೆಂಬರ್ 23ರ ಬೆಳಿಗ್ಗೆ ಇ-ಆಸ್ಪತ್ರೆ ವ್ಯವಸ್ಥೆ ನಿಂತಿತು. ಹೊರರೋಗಿ ಚೀಟಿ, ಲ್ಯಾಬ್ ವರದಿ, ದಾಖಲಾತಿ ಎಲ್ಲವನ್ನೂ ಸುಮಾರು ಎರಡು ವಾರ ಕೈಯಲ್ಲಿ ಬರೆದರು. ಐದು ಸರ್ವರುಗಳಲ್ಲಿ ಸುಮಾರು 1.3 ಟೆರಾಬೈಟ್ ಡೇಟಾಕ್ಕೆ ಬೀಗ ಬಿದ್ದಿತ್ತು ಎಂದೂ, ಜಾಲವನ್ನು ಸರಿಯಾಗಿ ಬೇರೆಬೇರೆ ವಿಭಾಗ ಮಾಡದಿದ್ದುದು ಕಾರಣವೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ಡೇಟಾ ಮರಳಿ ಬಂತು, ಏಕೆಂದರೆ ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು. ಡೇಟಾ ಇದ್ದೂ ಎರಡು ವಾರ ಹಿಡಿಯಿತು ಎಂಬುದನ್ನು ಗಮನಿಸಬೇಕು. ಬ್ಯಾಕಪ್ ಆರಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಎರಡು. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ತಾಳಬಹುದು? ಎಷ್ಟು ಹೊತ್ತು ಕಾಯಬಹುದು? ಮಾರುವವರು ಸಾಮಾನ್ಯವಾಗಿ ಮೊದಲನೆಯದಕ್ಕೆ ಉತ್ತರ ಹಿಡಿದು ಬರುತ್ತಾರೆ. ಸರದಿಯಲ್ಲಿ ನಿಂತ ರೋಗಿಯ ಪ್ರಶ್ನೆ ಎರಡನೆಯದು.

ಇಂಥ ದಾಳಿಗಳು ಹೆಚ್ಚಿದ ಮೇಲೆ ಉದ್ಯಮ ಹಳೆಯ ಗುಣವೊಂದನ್ನು ಹೊಸದಾಗಿ ಕೊಂಡಿತು. ಅಮೆಜಾನ್ 2018ರಲ್ಲೇ ತನ್ನ ಸಂಗ್ರಹಕ್ಕೆ, ಇಂತಿಷ್ಟು ದಿನ ಯಾರೂ, ಖಾತೆಯ ಯಜಮಾನನೂ ಅಳಿಸಲಾಗದ ಬೀಗ ತಂದಿತ್ತು. ಟೇಪುಗಳಿಗೂ ಮತ್ತೆ ಮರ್ಯಾದೆ ಬಂತು. ಡ್ರೈವಿನಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಜಾಲದ ಮೂಲಕ ಮುಟ್ಟುವ ಕಳ್ಳ ಇನ್ನೂ ಹುಟ್ಟಿಲ್ಲ.

ಕಳ್ಳನೂ ಇಲ್ಲದೆ, ಬೆಂಕಿಯೂ ಇಲ್ಲದೆ ಎಲ್ಲ ಹೋಗಬಹುದು ಎಂಬುದನ್ನು ತೋರಿಸಿದ್ದು 2024ರ ಮೇ ತಿಂಗಳು. ಆಸ್ಟ್ರೇಲಿಯಾದ ನಿವೃತ್ತಿ ನಿಧಿ ಯೂನಿಸೂಪರ್‌ಗೆ 6 ಲಕ್ಷಕ್ಕೂ ಹೆಚ್ಚು ಸದಸ್ಯರು. ಅದರ ವರ್ಚುವಲ್ ಮಷಿನ್‌ಗಳು ಗೂಗಲ್ ಮೋಡದೊಳಗೆ ವಿಎಂವೇರ್ ಮೇಲೆ ಓಡುತ್ತಿದ್ದವು. ಹಿಂದಿನ ವರ್ಷ ಆ ಖಾಸಗಿ ಮೋಡವನ್ನು ಸಿದ್ಧಪಡಿಸುವಾಗ ಗೂಗಲ್ ಸಿಬ್ಬಂದಿ ಒಳಬಳಕೆಯ ಉಪಕರಣದಲ್ಲಿ ಒಂದು ಖಾನೆಯನ್ನು ಖಾಲಿ ಬಿಟ್ಟಿದ್ದರು. ಖಾಲಿ ಖಾನೆಗೆ ಉಪಕರಣ ತಾನೇ ಅರ್ಥ ಕೊಟ್ಟುಕೊಂಡಿತು: ಅವಧಿ ಒಂದು ವರ್ಷ. ವರ್ಷ ತುಂಬಿತು, ಮೋಡ ಅಳಿಯಿತು. ಗ್ರಾಹಕರು ಅಳಿಸಿದ್ದಲ್ಲವಾದ್ದರಿಂದ ಗ್ರಾಹಕರಿಗೆ ಎಚ್ಚರಿಕೆಯೂ ಹೋಗಲಿಲ್ಲ. ಒಂದು ಕಡೆ ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಕಡೆ ಇಟ್ಟಿದ್ದ ಜೋಡಿಯೂ ಒಂದೇ ಆದೇಶಕ್ಕೆ ಅಳಿಯಿತು ಎಂದು ಎರಡೂ ಸಂಸ್ಥೆಗಳ ಮುಖ್ಯಸ್ಥರು ಜಂಟಿ ಹೇಳಿಕೆ ಕೊಟ್ಟರು.

ಯೂನಿಸೂಪರ್ ಉಳಿದದ್ದು ಅದರಲ್ಲಿ ಯಾರೋ ಸಂಶಯ ಪ್ರವೃತ್ತಿಯವರು ಇದ್ದುದರಿಂದ. ಗೂಗಲ್ಲಿನ ಹೊರಗೆ ಇನ್ನೊಂದು ಕಂಪನಿಯ ಬಳಿ ಅದು ಬೇರೆ ಬ್ಯಾಕಪ್ ಇಟ್ಟುಕೊಂಡಿತ್ತು. ನೂರಾರು ವರ್ಚುವಲ್ ಮಷಿನ್‌ಗಳನ್ನು ಮರಳಿ ಕಟ್ಟಿ ಸೇವೆ ಸರಿಯಾಗಲು ವಾರಕ್ಕಿಂತ ಹೆಚ್ಚು ಹಿಡಿಯಿತು, ಆದರೆ ಯಾರ ನಿವೃತ್ತಿಯ ಹಣದ ಲೆಕ್ಕವೂ ಕಳೆಯಲಿಲ್ಲ. ಬಜೆಟ್ ಸಭೆಗಳಲ್ಲಿ ‘ಗೂಗಲ್ಲೇ ಎರಡು ಕಡೆ ಇಟ್ಟಿರುವಾಗ ಇದಕ್ಕೇಕೆ ದುಡ್ಡು’ ಎಂದು ಕೇಳಿದರೆ ಮೊದಲು ಕತ್ತರಿ ಬೀಳುವಂಥ ಖರ್ಚು ಅದು.

ಈ ನಡುವೆ ಕಡತದ ಒಡೆತನವೇ ಬದಲಾಯಿತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಮುಂದಿನ ತಿಂಗಳೇ ಒಮ್ಮೆ ಕೊಂಡು ಸದಾ ಬಳಸುವ ಲೈಸೆನ್ಸುಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಬಿಲ್ ನೋಡಿ ಬೆಚ್ಚಿದ ಗ್ರಾಹಕರು ಹೈಪರ್-ವಿ, ನ್ಯೂಟಾನಿಕ್ಸ್, ಪ್ರಾಕ್ಸ್‌ಮಾಕ್ಸ್ ಎಂದು ಬೇರೆ ಮನೆ ಹುಡುಕತೊಡಗಿದರು. ಬ್ಯಾಕಪ್ಪಿನ ಆಯ್ಕೆಗೆ ಅದುವರೆಗೆ ಯಾರೂ ಕೇಳದ ಪ್ರಶ್ನೆ ಹೀಗೆ ಸೇರಿತು: ಈ ಕಡತ ವಿಎಂವೇರ್ ಅಲ್ಲದ ಕಡೆಯೂ ತೆರೆಯುತ್ತದೆಯೇ? 2024ರ ಆಗಸ್ಟ್ ಹೊತ್ತಿಗೆ ವೀಮ್ ಪ್ರಾಕ್ಸ್‌ಮಾಕ್ಸಿಗೂ ಬೆಂಬಲ ಕೊಟ್ಟಿತು. ಹಳೆಯ ಮನೆಯಲ್ಲಿ ತೆಗೆದ ಬ್ಯಾಕಪ್ಪನ್ನು ಹೊಸ ಮನೆಯಲ್ಲಿ ಎಬ್ಬಿಸುವುದೇ ಮನೆ ಬದಲಿಸುವ ಒಂದು ಹಾದಿಯಾಯಿತು, ಮತ್ತು ಎಷ್ಟೋ ಕಚೇರಿಗಳಿಗೆ ಅದೇ ತಮ್ಮ ಬ್ಯಾಕಪ್ಪಿನ ಮೊದಲ ನಿಜವಾದ ಪರೀಕ್ಷೆ.

ಅಲ್ಲಿ ವಿಂಡೋಸ್ ಯಂತ್ರಗಳು ಏಳುವಾಗ ಒಂದು ಹಳೆಯ ಪರಿಚಯ ಎದುರಾಗುತ್ತದೆ. ಹೊಸ ಮನೆಯ ಕಾಲ್ಪನಿಕ ಡಿಸ್ಕ್ ಕಂಟ್ರೋಲರ್ ಬೇರೆ ಬಗೆಯದು. ಅದರ ಡ್ರೈವರನ್ನು ಹೊರಡುವ ಮುಂಚೆ ಒಳಗೆ ಹಾಕಿರದಿದ್ದರೆ, ಬೂಟ್ ಡಿಸ್ಕ್ ಸಿಗುತ್ತಿಲ್ಲ ಎಂದು ಹೇಳಿ ಯಂತ್ರ 1990ರ ದಶಕದ ಅದೇ ನೀಲಿ ತೆರೆಯಲ್ಲಿ ನಿಲ್ಲುತ್ತದೆ.